ಚಂದ್ರನ ಮೇಲೆ ಹಚ್ಚಿದ ಒಲೆ

"ಸುಳ್ಳು! ಅಗದಿ ಸುಳ್ಳು ಬರದಾರ ನೋಡ್ರಿ ಇದರಾಗ!"

ಹೆಣ್ಣು ನೋಡಲು ಬಂದ ಗಂಡು ಹೀಗೆ ಕೂಗಿದಾಗ, ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬಂದಿದ್ದ ನೀಲಕ್ಕ ಅಲ್ಲೇ ನಿಂತುಬಿಟ್ಟಳು.

ಕೂಗಿದವನು ಈರಬಸಪ್ಪ. ಅಣ್ಣಿಗೇರಿಯ ಒಂದು ಅರಳೆ ಗಿರಣಿಯಲ್ಲಿ ಫಿಟ್ಟರ್. ಅವನ ಕೈಯಲ್ಲಿ ಅವಳ ಅಪ್ಪನ ಪುಸ್ತಕ. ಎದುರಿಗೆ ಅಪ್ಪ ಮಡಿವಾಳೆಪ್ಪ, ಬಾಯಿ ಅರ್ಧ ತೆರೆದುಕೊಂಡು ಕೂತಿದ್ದ.

"ಗಾಳಿ ಇಲ್ಲದ ಚಂದ್ರನ ಮ್ಯಾಲ ಈ ಕಥಾನಾಯಕ ಒಲಿ ಹಚ್ಚಿ ರೊಟ್ಟಿ ಬಡೀತಾನಂತ! ಬೆಂಕಿಗೆ ಗಾಳಿ ಬ್ಯಾಡೇನ್ರಿ? ಇಂಥಾದ್ದನ್ನ ಓದ್ತೀರಿ ನೀವು?"

"ಅದು ಮಂತ್ರದ ಬೆಂಕಿ ಅಲ್ಲೇನ್ರಿ..." ಅಪ್ಪನ ದನಿ ಸಣ್ಣದಾಯಿತು.

"ಮಂತ್ರ ಬರತಿದ್ರ ರಾಕೆಟ್ ಯಾಕ ಬೇಕಿತ್ರಿ ಅವಗ?"

ಸಂಬಂಧ ತಂದಿದ್ದ ಕುಬೇರಪ್ಪ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ನೀಲಕ್ಕನ ಮೈಯೆಲ್ಲ ಉರಿಯಿತು. ತಾಟು ಕುಕ್ಕಿ ಒಳಗೆ ಹೋದಳು. ಆ ಮನುಷ್ಯ ತಲೆ ಎತ್ತಿಯೂ ನೋಡಲಿಲ್ಲ!

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆಗ ನಾಲ್ಕು ವರ್ಷವಾಗಿತ್ತು. ಯರಗುಪ್ಪಿಯ ಮಡಿವಾಳೆಪ್ಪ ಪುಸ್ತಕದೊಳಗೆ ಅದಕ್ಕೂ ಮೊದಲೇ ಹೋಗಿ ಬಂದಿದ್ದ! ಹುಬ್ಬಳ್ಳಿಗೆ ಹತ್ತಿ ಮಾರಲು ಹೋದರೆ ಒಂದಾದರೂ ಪುಸ್ತಕ ತರದೆ ಬರುವವನಲ್ಲ. ಹಾರುವ ಕುದುರೆ, ಮಾಯದ ಗುಹೆ, ಬೇರೆ ಗ್ರಹದ ಜನ... ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತನೆಂದರೆ, ಒಬ್ಬನೇ ಹೆದರುತ್ತಿದ್ದ, ಒಬ್ಬನೇ ನಗುತ್ತಿದ್ದ.

"ಲೇ ನೀಲವ್ವಾ, ಮಂಗಳದ ಮಂದಿಗೆ ಮೂರು ಕಣ್ಣಂತ ಬೇ! ಕಾಡಿಗಿ ಎಷ್ಟು ಬೇಕಾದೀತ!"

ತಾಯಿ ಇಲ್ಲದ ನೀಲಕ್ಕ ಆ ನಗು ಕೇಳಿಯೇ ದೊಡ್ಡವಳಾಗಿದ್ದಳು.

ಊರು ಸುಮ್ಮನಿದ್ದೀತೇ? ಮಡಿವಾಳೆಪ್ಪನಿಗೆ ತಲೆ ಸರಿಯಿಲ್ಲ ಎಂಬ ಮಾತು ಹಬ್ಬಿ ಎರಡು ಸಂಬಂಧ ಮುರಿದಿದ್ದವು. ಅಂದೇ ಆಣೆ ಮಾಡಿಕೊಂಡಿದ್ದಳು... ಅಪ್ಪನ ಓದಿಗೆ ನಗುವವನ ಹೊಸ್ತಿಲು ತುಳಿಯುವುದಿಲ್ಲ!

ಬಂದವರು ಹೋದ ಮೇಲೆ ಅಪ್ಪ ಪುಸ್ತಕ ಮುಟ್ಟಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ... ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಉಣ್ಣಲು ಕರೆದರೂ ಕೇಳಿಸುತ್ತಿರಲಿಲ್ಲ.

'ಪಾಪಿ! ನಮ್ಮಪ್ಪನ ನಗುವನ್ನೇ ಕೊಂದುಹಾಕಿದ!'

ಅಪ್ಪನಿಗೆ ಹೇಳದೆ ನೀಲಕ್ಕ ನೆಟ್ಟಗೆ ಕುಬೇರಪ್ಪ ಕಾಕಾನ ಮನೆಗೆ ನಡೆದಳು.

"ಕಾಕಾ, ಆ ಫಿಟ್ಟರಗ ಹೇಳಿ ಕಳಸು. ನಾ ಒಲ್ಲೆ."

"ಲೇ ಹುಚ್ಚಿ, ಇದು ಮೂರನೇ ಸಂಬಂಧ..."

"ಮೂವತ್ತನೇದಾದ್ರೂ ಒಲ್ಲೆ!"

ಐದನೆಯ ದಿನ ಮುಂಜಾನೆ ಅವಳು ಅಂಗಳ ಗುಡಿಸುತ್ತಿದ್ದಾಗ ಈರಬಸಪ್ಪನೇ ಬಂದು ನಿಂತ. ಬಸ್ ಇಳಿದು ದಾಪುಗಾಲು ಹಾಕಿದ್ದನೇನೋ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮುಖ ಕೆಂಪಾಗಿತ್ತು.

"ಒಂದು ಮನಿಯಿಂದ ಎರಡು ಜವಾಬು ಬರ್ತಾವೇನ್ರಿ? ನಿನ್ನೆ ಮುಂಜಾನೆ ನಿಮ್ಮಪ್ಪನ ಕಾರ್ಡು, ಲಗೂನ ಬರ್ರಿ ಅಂತ. ಸಂಜಿಗೆ ಕುಬೇರಪ್ಪನವರ ನಿರೋಪ, ಹುಡುಗಿ ಒಲ್ಲೆ ಅಂದಾಳ ಅಂತ. ನನ್ನೇನು ಬುಗರಿ ಅಂತ ತಿಳದೀರೇನು?"

"ನಮ್ಮಪ್ಪ ನಿಮಗ ಕಾರ್ಡು ಬರೀತಾನ? ಬಿಡ್ರಿ ಸುಳ್ಳು!"

ಅವನು ಕಿಸೆಯಿಂದ ಕಾರ್ಡು ತೆಗೆದು ಅವಳ ಮುಂದೆ ಹಿಡಿದ. ಅಂಚಿನವರೆಗೂ ತುಂಬಿದ ಅಪ್ಪನ ಸಣ್ಣ ಅಕ್ಷರ!

"ಚಂದ್ರನ ಮೇಲೆ ಗಾಳಿ ಇಲ್ಲ, ಒಪ್ಪಿದೆ. ಆದರೆ ನಾಯಕ ಇಲ್ಲಿಂದಲೇ ತೊಗಲಿನ ಚೀಲದಲ್ಲಿ ಗಾಳಿ ತುಂಬಿಕೊಂಡು ಹೋಗಿದ್ದರೆ? ಮೂರು ದಿನ ಇದೇ ವಿಚಾರ ಮಾಡಿದೆ. ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ. ನಕ್ಕವರು ಬಹಳ. ನನ್ನ ಕೂಡ ಜಗಳ ತೆಗೆದವರು ನೀವೊಬ್ಬರೇ. ಲಗೂನ ಬರ್ರಿ."

ನೀಲಕ್ಕನ ಕಣ್ಣು ಮಂಜಾದವು. ಮೂರು ದಿನದ ಆ ಮೌನ... ನೋವಲ್ಲ! ಅಪ್ಪ ಉತ್ತರ ಹುಡುಕುತ್ತಿದ್ದ!

ಆದರೂ ಸೋಲಲು ಮನಸ್ಸಿಲ್ಲ.

"ಮತ್ತ ಎಲ್ಲಾರ ಮುಂದ ಇಂಥಾದ್ದ ಓದ್ತೀರಿ ಅಂತ ಯಾಕ ಅಂದ್ರಿ?"

"ಬರದವನ ಮ್ಯಾಲ ಸಿಟ್ಟು ಬಂದಿತ್ತು, ಅಂದೆ! ಆ ಪುಸ್ತಕ ಎರಡು ಸಲ ಓದೀನ್ರಿ ನಾ. ಗಿರಣಿಯೊಳಗ ಬಾಯಿ ಬಿಟ್ರ ನಗತಾರಂತ ಮುಚ್ಚಿಟ್ಟಕೊಂಡು ಓದಾವ. ಹೆಣ್ಣು ನೋಡಾಕ ಬಂದ ಮನಿಯೊಳಗ ಅದ ಪುಸ್ತಕ ಕಂಡಕೂಡ್ಲೆ... ಮೈಮ್ಯಾಲ ಖಬರ ಉಳೀಲಿಲ್ಲ."

ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪನ ಕೂಗು ಕೇಳಿತು. "ಫಿಟ್ಟರ್ ಬಂದ್ರೇನ? ಚೀಲದ ಗಾಳಿಗೆ ಏನಂತೀರಿ?"

"ಚೀಲ ಒಡೀತೈತ್ರಿ ಮಾವಾರ! ತಡೀರಿ, ಬಂದೆ!"

ಅಪ್ಪ ನಕ್ಕ. ಐದು ದಿನದ ಮೇಲೆ ಮನೆ ತುಂಬ ನಕ್ಕ!

ನೀಲಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅವತ್ತು ನನ್ನ ಕಡೆ ಒಮ್ಮೆನೂ ನೋಡ್ಲಿಲ್ಲ ನೀವು!"

"ನೋಡಿದ್ದೆ." ಅವನ ದನಿ ಮೊದಲ ಸಲ ಮೆತ್ತಗಾಯಿತು. "ತಾಟು ಕುಕ್ಕಿ ತಿರುಗಿದ್ರಿ. ಕಣ್ಣಾಗ ಕೆಂಡ ಇತ್ತು. ಅಪ್ಪನ ಸಲುವಾಗಿ ಇಷ್ಟು ಸಿಟ್ಟಾಗಾಕಿ, ಒಂದಿನ ನನ್ನ ಸಲುವಾಗಿನೂ ಹಿಂಗ ಸಿಟ್ಟಾಗ್ಲಿ ಅನಿಸ್ತು... ಅದಕ್ಕ ಓಡಿ ಬಂದೆ."

ನೀಲಕ್ಕ ಕಸಬರಿಗೆ ಕೆಳಗಿಟ್ಟಳು. ಸಿಟ್ಟು ಇನ್ನೂ ಇತ್ತು. ಆದರೆ ಈಗ ಅದೆಲ್ಲ ತನ್ನ ಮೇಲೆಯೇ!

"ಮಾವಾರ ಅಂದ್ರ್ಯಲ್ಲ... ಯಾರನ್ನ ಕೇಳಿ ಅಂದ್ರಿ?"

"ಯಾರನ್ನೂ ಕೇಳಿಲ್ಲ. ಈಗ ನಿಮ್ಮನ್ನ ಕೇಳಾಕತ್ತೀನ್ರಿ."

"ಕುಬೇರಪ್ಪ ಕಾಕಾನ ಮನಿಗೆ ನಾನ ಹೋಗಿ ಹೇಳಿ ಬರ್ತೀನಿ."

"ಏನಂತ?"

"ಒಲ್ಲೆ ಅಂದಿದ್ದೆ, ಈಗ ಒಪ್ಪೀನಿ ಅಂತ!" ಒದರಿಯೇ ಬಿಟ್ಟಳು ನೀಲಕ್ಕ.

"ಸಾವಕಾಶ ಹೇಳ್ರಿ... ಹಿತ್ತಲದಾಗ ಮಾವಾರಿಗೆ ಕೇಳಸ್ತೈತಿ."

"ಕೇಳಲಿ!"