ನೆರೆಬಣ್ಣ

ಗಾಜಿನ ಕಡ್ಡಿಯ ತುದಿಯಲ್ಲಿ ಒಂದೇ ಒಂದು ಹನಿ ಲೇಪವಿತ್ತು. ಡಾಕ್ಟರ್ ತಸ್ಮಿಯಾ ಬಳಿಗಾರ್ ಅದನ್ನು ನಿಹಿರಾಳ ಎಡಗೆನ್ನೆಯ ಬಿಳಿ ಮಚ್ಚೆಯ ಮೇಲೆ ಸವರಿ, "ಒಣಗೋವರೆಗೂ ಯಾರೂ ಮುಟ್ಟಬೇಡಿ, ನೀನೂ ಅಷ್ಟೇ ಪುಟ್ಟಿ," ಎಂದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಮಚ್ಚೆಯ ಅಂಚು ಸಣ್ಣಗೆ ಕದಡಿತು. ಹಂಚಿನ ಮೇಲೆ ರೊಟ್ಟಿ ಕೆಂಪಗಾಗುವ ಹಾಗೆ ಅಂಚಿನಿಂದ ಒಳಕ್ಕೆ ಕಂದು ಏರತೊಡಗಿತು. ಏರಿ ಏರಿ ನಡುವಿನಲ್ಲಿ ಸಾಸಿವೆಯಷ್ಟು ಬಿಳಿ ಉಳಿಯಿತು. ಅದೂ ಹೋಯಿತು. ಕನ್ನಡಿಯಲ್ಲಿ ನೋಡಿಕೊಂಡ ಒಂಬತ್ತು ವರ್ಷದ ಹುಡುಗಿ ತನ್ನ ಕೆನ್ನೆಯನ್ನು ತಾನೇ ಹುಡುಕಿದಳು.

"ಅಲ್ರೀ ಡಾಕ್ಟ್ರೇ, ಎಲ್ಲಿಗೆ ಹೋಯ್ತು ಅದು?" ಎಂದರು ಪಕ್ಕದಲ್ಲಿ ಕೂತಿದ್ದ ಪೂಜಾ ಅಜ್ಜಿ. ಅದು ಎರಡು ಸಾವಿರದ ಅರವತ್ತೊಂದನೆಯ ಇಸವಿ. ಅಷ್ಟು ಹೊತ್ತಿಗೆ ಅಜ್ಜಿಯರ ಹೆಸರೆಲ್ಲ ಪೂಜಾ, ಅಶ್ವಿನಿ, ಶಿಲ್ಪಾ ಎಂದೇ ಇರುತ್ತಿದ್ದವು.

"ಎಲ್ಲೂ ಹೋಗಿಲ್ಲಮ್ಮ, ಅಲ್ಲೇ ಇದೆ. ಮೇಲೊಂದು ಹೊದಿಕೆ ಬಂತು ಅಷ್ಟೆ."

ತಸ್ಮಿಯಾ ಆ ಲೇಪಕ್ಕೆ ನೆರೆಬಣ್ಣ ಎಂದು ಹೆಸರಿಟ್ಟಿದ್ದರು. ಹರಿಹರದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಬೆಳೆಸಿದ್ದು. ದೋಸೆ ಹಿಟ್ಟನ್ನು ಹುಳಿ ಬರಿಸುವ ಸೂಕ್ಷ್ಮಜೀವಿಗಳ ದೂರದ ನೆಂಟ ಜೀವಿಯೊಂದು ಆ ಲೇಪದಲ್ಲಿತ್ತು. ಚರ್ಮಕ್ಕೆ ಕಪ್ಪು, ಕಂದು ಕೊಡುವುದು ಮೆಲನಿನ್ ಎಂಬ ಕಣ. ಪಕ್ಕದ ಚರ್ಮದಲ್ಲಿ ಈ ಕಣ ಎಷ್ಟು ದಟ್ಟವಾಗಿದೆ ಎಂದು ಆ ಜೀವಿ ಗ್ರಹಿಸಿ, ತಾನೂ ಅಷ್ಟೇ ದಟ್ಟ ಬಣ್ಣ ತಳೆಯುತ್ತಿತ್ತು. ಬಿಸಿಲಿಗೆ ಮೈ ಕಪ್ಪಾದರೆ ಅದೂ ಕಪ್ಪಾಗುತ್ತಿತ್ತು. ನಾಣ್ಯದಗಲಕ್ಕಿಂತ ಹೆಚ್ಚು ಹಚ್ಚಿದರೆ ಮಾತ್ರ ಗಲಿಬಿಲಿಗೊಂಡು ಹೊಟ್ಟಿನಂತೆ ಉದುರಿಬಿಡುತ್ತಿತ್ತು. ಇಡೀ ಮೈ ಬೆಳ್ಳಗೆ ಮಾಡಿಕೊಳ್ಳಬಹುದೇ ಎಂದು ಕೇಳಿಕೊಂಡು ಬಂದವರೆಲ್ಲ ಹಾಗೇ ವಾಪಸಾಗಿದ್ದರು.

ನಿಹಿರಾಳ ಕೆನ್ನೆ, ಗದ್ದ, ಕತ್ತಿನ ಹಿಂಭಾಗದಲ್ಲಿ ಇದ್ದದ್ದು ಮಕ್ಕಳಿಗೆ ಬರುವ ಒಣಚರ್ಮದ ಮಚ್ಚೆ. ಊರಲ್ಲಿ ಚಿಬ್ಬು ಅನ್ನುತ್ತಾರೆ. ನೋವಿಲ್ಲ, ಅಂಟುವುದಿಲ್ಲ, ಕಾಲ ಬಂದಾಗ ತಾನೇ ಹೋಗುತ್ತದೆ. ಆದರೆ ಹೋಗುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಪೂಜಾ ಅಜ್ಜಿ ಹೊಟ್ಟೆಯಲ್ಲಿ ಜಂತುಹುಳ ಎಂದು ಮತ್ತೆ ಮತ್ತೆ ಔಷಧಿ ಕುಡಿಸಿದ್ದರು. ಮಚ್ಚೆ ಕರಗಲಿ ಎಂದು ಗುಡಿಯ ಕಲ್ಯಾಣಿಗೆ ಪ್ರತಿ ಸೋಮವಾರ ಬೆಲ್ಲ ಹಾಕಿದ್ದರು.

"ಕಲ್ಯಾಣಿ ಮೀನಿಗೆ ಸಕ್ಕರೆ ಕಾಯಿಲೆ ಬಂದಿದ್ದೇ ಬಂತು," ಎಂದಳು ನಿಹಿರಾ.

"ನೋಡ್ರೀ ಇದರ ಬಾಯಿ. ಈ ಬಾಯಿ ಶಾಲೆಯಲ್ಲಿ ಮಾತ್ರ ಬಿಡೋದಿಲ್ಲ," ಎಂದರು ಅಜ್ಜಿ.

ಬಾಯಿ ಬಿಡದಿರುವುದಕ್ಕೆ ಕಾರಣವಿತ್ತು. ನಿಹಿರಾ ಶಾಲೆಯ ಖೋಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು. ಖೋಖೋದಲ್ಲಿ ಸಾಲಾಗಿ ಕೂತವರ ಬೆನ್ನನ್ನು ಓಡಿ ಬಂದವಳು ಮುಟ್ಟಿ "ಖೋ" ಅನ್ನಬೇಕು. ಮುಟ್ಟುವುದೂ ಕೂಗುವುದೂ ಒಟ್ಟಿಗೇ ಆಗಬೇಕು, ಮುಟ್ಟದೆ ಬರೀ ಕೂಗಿದರೆ ಫೌಲ್. ಮಚ್ಚೆ ಕಾಣಿಸಿಕೊಂಡ ಮೇಲೆ ಗೆಳತಿಯರ ಕೈ ನಿಹಿರಾಳ ಬೆನ್ನಿನ ತನಕ ಬಂದು, ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲುತ್ತಿತ್ತು. ಬಾಯಿ ಖೋ ಅನ್ನುತ್ತಿತ್ತು. ಸೀಟಿ ಕೂಗುತ್ತಿತ್ತು. ಹೀಗೇ ಮೇಲಿಂದ ಮೇಲೆ ಫೌಲ್ ಆಗಿ, ಕಡೆಗೆ ದರ್ಶನ್ ಮೇಷ್ಟ್ರು ಅವಳನ್ನೇ ಹೊರಗೆ ಕೂರಿಸಿದ್ದರು. ಶನಿವಾರ ತಾಲ್ಲೂಕು ಫೈನಲ್. ಅವತ್ತು ಸಾಲಿನಲ್ಲಿ ಕೂರಬೇಕು, ಅಷ್ಟೇ ಅವಳ ಆಸೆ.

ಮಚ್ಚೆಯಿಲ್ಲದ ಕೆನ್ನೆ ಹೊತ್ತುಕೊಂಡು ಅವಳು ಮಾರನೆಯ ದಿನ ಮೈದಾನಕ್ಕೆ ಓಡಿದಳು. ಮೇಷ್ಟ್ರು ಅವಳ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿ, "ಹೋಗು, ಕೂತ್ಕೋ," ಎಂದರು. ಆಟ ಶುರುವಾಯಿತು. ತಂಡದ ಗೆಳತಿ ಇಂಚರಾ ಓಡಿ ಬಂದಳು, ನಿಹಿರಾಳ ಹಿಂದೆ ಬಗ್ಗಿದಳು, "ಖೋ" ಎಂದಳು.

ಸೀಟಿ ಕೂಗಿತು.

"ಈಗೇನೇ ನಿಂದು? ಎಲ್ಲ ಹೋಗಿದೆಯಲ್ಲ," ಎಂದರು ಮೇಷ್ಟ್ರು.

"ಹೋಗಿಲ್ಲ ಸರ್. ಮೇಲೆ ಬಳ್ಕೊಂಡಿದ್ದಾಳೆ. ಕೆಳಗೆ ಹಂಗೇ ಐತಿ," ಎಂದಳು ಇಂಚರಾ.

ಆ ಸಂಜೆ ಪೂಜಾ ಅಜ್ಜಿ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತರು. "ನಿಮ್ಮ ಔಷಧಿ ಚಲೋ ಕೆಲಸ ಮಾಡ್ತದೆ ಡಾಕ್ಟ್ರೇ. ಆದರೆ ಆ ಇಂಚರಾನ ಕೈಗೆ ನಾಟಲಿಲ್ಲ."

ಇಷ್ಟು ವರ್ಷ ತಸ್ಮಿಯಾ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದು ಮಚ್ಚೆ ಇದ್ದ ಚರ್ಮವನ್ನು. ಮಚ್ಚೆ ಇಲ್ಲದ ಅಂಗೈಯನ್ನು ನೋಡಬೇಕೆಂದು ಅನಿಸಿರಲಿಲ್ಲ. ಮರುದಿನ ಲೇಪದ ಟ್ಯೂಬು ಹಿಡಿದುಕೊಂಡು ತಾವೇ ಮೈದಾನಕ್ಕೆ ಹೋದರು.

ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಮಚ್ಚೆ ಯಾಕೆ ಬರುತ್ತದೆ, ಯಾಕೆ ಅಂಟುವುದಿಲ್ಲ ಎಂದು ಚಿತ್ರ ಬರೆದು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಒಬ್ಬಳೂ ನಿಹಿರಾಳ ಪಕ್ಕಕ್ಕೆ ಸರಿದು ಕೂರಲಿಲ್ಲ.

"ಒಣಗೋ ಮೊದಲು ಮುಟ್ಟಿದರೆ ಏನಾಗುತ್ತೆ ಮೇಡಂ?" ಎಂದು ಕೇಳಿದವಳು ಇಂಚರಾ. "ನಮಗೂ ಬರ್ತದಾ?"

"ನಿನಗೆ ಏನೂ ಬರಲ್ಲ. ಲೇಪ ಕೆಡುತ್ತೆ ಅಷ್ಟೆ. ಮುಟ್ಟಿದವರ ಬಣ್ಣವನ್ನೇ ಹಿಡಿದುಬಿಡುತ್ತೆ."

ನಿಹಿರಾ ಅವರ ಕೈಯಿಂದ ಟ್ಯೂಬು ಕಸಿದುಕೊಂಡು ಮೊಣಕೈ ಕೆಳಗೆ, ಮಚ್ಚೆಯೇ ಇಲ್ಲದ ಜಾಗದಲ್ಲಿ, ಒಂದು ಬೊಟ್ಟು ಹಚ್ಚಿಕೊಂಡು ಇಂಚರಾಳ ಮುಂದೆ ಕೈ ಚಾಚಿದಳು.

"ಮುಟ್ಟೇ ನೋಡಣ. ಧೈರ್ಯ ಇದ್ದರೆ."

"ಧೈರ್ಯ ಯಾಕಿಲ್ಲ?"

"ಇಲ್ಲ ನಿಂಗೆ. ಹಲ್ಲಿಗೂ ಹೆದರ್ತೀಯ."

ಉಳಿದವರು ಕಿಸಕ್ಕೆಂದರು. ಇಂಚರಾ ಕೆಂಪಗಾಗಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳನ್ನು ಒತ್ತಿಬಿಟ್ಟಳು. ತೆಗೆದಾಗ ಎಲ್ಲರೂ ಬಗ್ಗಿ ನೋಡಿದರು. ನಿಹಿರಾಳ ಗೋಧಿಗೆಂಪು ಕೈಯ ಮೇಲೆ ಕಡುಗಂದಿನ ಒಂದು ಬೊಟ್ಟು ಮೂಡುತ್ತಿತ್ತು. ಹೆಬ್ಬೆರಳಿನ ಗೆರೆಗಳ ಸಮೇತ.

"ಅಯ್ಯೋ, ಇದು ನಾನು," ಎಂದಳು ಇಂಚರಾ.

ಮುಂದಿನದು ಗದ್ದಲವೇ ಗದ್ದಲ. ನಂಗೂ ಹಾಕು, ನಂದು ಮೊದಲು, ತಳ್ಳಬೇಡ್ವೇ. ಇಂಚರಾಳ ಕೈಗೆ ನಿಹಿರಾಳ ಬೊಟ್ಟು ಬಿತ್ತು. ಮತ್ತೊಬ್ಬಳು ಎರಡೂ ಕೈಗೆ ಬೇಕೆಂದಳು. ಹಣೆಗೆ ಹಾಕಿಸಿಕೊಂಡವಳೊಬ್ಬಳು ಮನೆಯಲ್ಲಿ ಬೈಸಿಕೊಳ್ಳುವುದನ್ನು ಈಗಲೇ ಊಹಿಸಿ ನಕ್ಕಳು. ಕಾಫಿಪುಡಿ, ಹುಣಸೆ, ಜೇನು, ರಾಗಿ. ಒಂದೇ ಊರಿನ ಹುಡುಗಿಯರಲ್ಲಿ ಎಷ್ಟೊಂದು ಕಂದು ಇದ್ದವೆಂದು ಅವರಿಗೇ ಅವತ್ತಿನ ತನಕ ತಿಳಿದಿರಲಿಲ್ಲ. ತಸ್ಮಿಯಾ ಟ್ಯೂಬು ವಾಪಸು ಕೇಳಲು ಹೋಗಿ, ಕೇಳದೆ ನಿಂತರು. ಲೇಪದ ದೋಷವೆಂದು ಬರೆದಿಟ್ಟಿದ್ದನ್ನು ಮಕ್ಕಳು ಹಬ್ಬ ಮಾಡಿಕೊಂಡಿದ್ದರು.

ಶನಿವಾರ ನಿಹಿರಾ ಸಾಲಿನಲ್ಲಿ ಕೂತಳು. ಇಂಚರಾ ಓಡಿ ಬಂದು ಅವಳ ಬೆನ್ನಿಗೆ ಪಟ್ ಎಂದು ಬಾರಿಸಿ ಖೋ ಎಂದದ್ದು ಗ್ಯಾಲರಿಯಲ್ಲಿದ್ದ ಅಜ್ಜಿಗೂ ಕೇಳಿಸಿತು. ಇಡೀ ಆಟದಲ್ಲಿ ಅವಳ ಬೆನ್ನ ಹಿಂದೆ ಒಂದು ಸಲವೂ ಸೀಟಿ ಕೂಗಲಿಲ್ಲ.

ಆದರೂ ಒಂದು ಅಂಕದಿಂದ ಸೋತರು. ಹೊರಗೆ ಬರುತ್ತಿದ್ದಂತೆ ಇಂಚರಾ ಜಗಳ ತೆಗೆದಳು. "ನಿನ್ನಿಂದಲೇ ಸೋತಿದ್ದು. ಖೋ ಕೊಟ್ಟ ಮೇಲೆ ಏಳೋಕೆ ಮುಹೂರ್ತ ನೋಡ್ತಿದ್ದೆಯಾ?"

"ನೀನು ಹೊಡೆದ ಹೊಡೆತಕ್ಕೆ ಉಸಿರು ನಿಂತಿತ್ತು ಕಣೇ."

ಮೊಮ್ಮಗಳನ್ನು ಬೈದಳೆಂದು ಅಜ್ಜಿ ಸೀರೆ ಸೆರಗು ಸಿಕ್ಕಿಸಿಕೊಂಡು ಹೊರಟರು. ತಸ್ಮಿಯಾ ಅವರ ಕೈ ಹಿಡಿದು ನಿಲ್ಲಿಸಿದರು. ನಿಹಿರಾ ಎಲ್ಲರ ನಡುವೆ ನಿಂತು ಎಲ್ಲರಂತೆ ಬೈಸಿಕೊಳ್ಳುತ್ತಿದ್ದಳು. ಮುಖ ಹಬೆಯಾಡುವ ಇಡ್ಲಿಯಂತೆ ಅರಳಿತ್ತು.

ನೆರೆಬಣ್ಣ ಆಮೇಲೆ ಅಂಗಡಿಗೆ ಬಂತು. ಮಚ್ಚೆ ಮುಚ್ಚಿಕೊಳ್ಳಲೆಂದು ಕೊಂಡವರು ಕೆಲವರು. ಗೆಳೆಯರ ಬಣ್ಣ ಹಾಕಿಸಿಕೊಳ್ಳಲೆಂದು ಕೊಂಡ ಮಕ್ಕಳಿಗೆ ಲೆಕ್ಕವೇ ಇಲ್ಲ. ಕೆಲವು ಶಾಲೆಗಳು ನಿಷೇಧಿಸಿದವು. ಮಕ್ಕಳು ತೋಳಿನೊಳಗೆ ಹಾಕಿಸಿಕೊಂಡರು. ಊರು ಬಿಟ್ಟುಹೋಗುವ ಗೆಳತಿಯ ಬೊಟ್ಟು, ಹೊಸದಾಗಿ ಹುಟ್ಟಿದ ತಮ್ಮನ ಬೊಟ್ಟು, ಹಾಸಿಗೆ ಹಿಡಿದ ತಾತನ ಬೊಟ್ಟು. ಹದಿನೈದು ದಿನಕ್ಕೆ ಮಾಸಿದರೆ ಮತ್ತೆ ಹೋಗಿ ಮುಟ್ಟಿಸಿಕೊಂಡು ಬರಬೇಕು. ಈ ನಡುವೆ ನಿಹಿರಾಳ ಚಿಬ್ಬು ತಾನೇ ಮಾಯವಾಯಿತು. ಯಾವತ್ತು ಹೋಯಿತೆಂದು ಅವಳೂ ಗಮನಿಸಲಿಲ್ಲ.

ಕೆಲವು ವರ್ಷ ಕಳೆದು ತಸ್ಮಿಯಾ ಅದೇ ಶಾಲೆಗೆ ಮಾತಾಡಲು ಹೋಗಿದ್ದಾಗ, ಮೂರನೇ ತರಗತಿಗೆ ಬಳ್ಳಾರಿ ಕಡೆಯಿಂದ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು. ಕೆನ್ನೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ಅಷ್ಟು ಅಗಲಕ್ಕೆ ಲೇಪ ನಿಲ್ಲುವುದಿಲ್ಲ. ಹುಡುಗಿ ಅದರ ಮೇಲೆ ಕೈಯಿಟ್ಟುಕೊಂಡೇ ಒಳಗೆ ಬಂದಳು. ಇದು ಅಂಟುವುದಿಲ್ಲ, ಡಾಕ್ಟರು ಹೇಳಿದ್ದಾರೆ ಎಂದು ಅಮ್ಮ ಕಲಿಸಿದ್ದನ್ನು ಅವಳ ತುಟಿ ಬಾಯಿಪಾಠ ಮಾಡುತ್ತಿತ್ತು. ಅದಕ್ಕೆ ಎಷ್ಟೋ ವರ್ಷ ಹಿಂದಿನ ನಮ್ಮ ಕಾಲದ ಮಕ್ಕಳಿಗೆ, ನಾವು ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ಟೈ ಸರಿಮಾಡಿ ಕಳಿಸಿದ ಮಕ್ಕಳಿಗೆ, ಬೇಕಾಗುವ ಉತ್ತರ ಅದು.

ಬೆಂಚಿನ ತುದಿಯ ಹುಡುಗಿ ಸರಿದು ಜಾಗ ಮಾಡಿಕೊಟ್ಟಳು. ಹೊಸಬಳ ಕೈ ಬದಿಗೆ ಸರಿಸಿ ಮಚ್ಚೆಯನ್ನು ಹತ್ತಿರದಿಂದ ನೋಡಿದಳು.

"ಯಾರದ್ದೇ ಇದು? ಇಷ್ಟು ದೊಡ್ಡ ಬೊಟ್ಟು ಹೆಂಗೆ ಹಾಕಿದ್ರು?"

ಹೊಸ ಹುಡುಗಿ ಕಲಿತು ಬಂದದ್ದು ಈ ಪ್ರಶ್ನೆಗೆ ಹೊಂದುತ್ತಿರಲಿಲ್ಲ.

"ನಂದೇ," ಎಂದಳು ಮೆಲ್ಲಗೆ.

"ಹೌದಾ? ಹಂಗಾದರೆ ನಂಗೂ ಒಂದು ಹಾಕು," ಎಂದು ಆ ಹುಡುಗಿ ತೋಳಿನ ಮೇಲೆ ಒಂದು ಬೊಟ್ಟು ಲೇಪ ಹಚ್ಚಿಕೊಂಡು, ಆ ತೋಳನ್ನು ಹೊಸಬಳ ಕೆನ್ನೆಯ ಮಚ್ಚೆಗೆ ಗಟ್ಟಿಯಾಗಿ ಒತ್ತಿ ಹಿಡಿದಳು.