ಅಮಾವಾಸ್ಯೆ ಮರುದಿನದ ಹಾರ್ನ್

ಅಲ್ಲ, ಒಂದು ಕಾರಿನ ಹಾರ್ನ್ ಒಬ್ಬ ಮನುಷ್ಯನನ್ನು ಎಷ್ಟಂತ ಆಟ ಆಡಿಸಬೇಕು? ಬ್ಯಾಡಗಿ ಸ್ಟೇಶನ್ ರಸ್ತೆಯಲ್ಲಿ ಆಟೋ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಚನ್ನೇಶನ ತಲೆ ಗಿರ್ರೆನ್ನುತ್ತಿತ್ತು. ಕುಪ್ಪೇಲೂರಿನ ರೋಹಿಣಿ ಅಪ್ಪನ ಕಾರು ತಂದು ನಿಲ್ಲಿಸಿದ್ದು ಇದು ನಾಲ್ಕನೆಯ ಸಲ.

“ಮತ್ತ ಹಾರ್ನ್ ಬಂದ್ ಆಗೇತ್ರಿ,” ಎಂದಳು. ನಗು ತುಟಿಯಂಚಿಗೆ ಬಂದು ನಿಂತಿತ್ತು.

“ಹೋದ ತಿಂಗಳ ಹೊಸಾ ಫ್ಯೂಸ್ ಹಾಕಿದ್ನಲ್ರಿ?”

“ನನ್ನ ಕೇಳಿದ್ರ? ಮಿಸ್ತ್ರಿ ನೀವೋ ನಾನೋ?”

ಫ್ಯೂಸ್ ಸುಟ್ಟಿತ್ತು. ರಿಲೇ ಸರಿ, ಸ್ವಿಚ್ ಸರಿ. ಹಿಂದಿನ ಮೂರು ಸಲವೂ ಜಾಲರಿ ತೆಗೆದು ಹಾರ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಾಗ ರಸ್ತೆಯವರೆಲ್ಲ ತಿರುಗಿ ನೋಡುವಂತೆ ಕೂಗಿತ್ತು. ಎಲ್ಲ ಸರಿಯಿದ್ದ ಮೇಲೆ ಫ್ಯೂಸ್ ಯಾಕೆ ಹೋಗಬೇಕು? ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿತ್ತು. ನಡುವೆ ರಾಣೆಬೆನ್ನೂರಿದೆ, ಅಲ್ಲಿ ಓಣಿಗೊಬ್ಬ ಮಿಸ್ತ್ರಿ ಇದ್ದಾನೆ. ಇವಳು ಅದನ್ನು ದಾಟಿ ಇಲ್ಲಿಗೇ ಯಾಕೆ ಬರುತ್ತಾಳೆ? ಹುಚ್ಚಪ್ಪಾ, ಮೆಣಸಿನಕಾಯಿ ಮಾರ್ಕೆಟ್ಟಿಗೆ ಬಂದವಳು ಹಾಗೇ ಬರುತ್ತಾಳೆ ಎಂದು ತನ್ನನ್ನೇ ಬೈದುಕೊಂಡ. ಮನಸ್ಸು ಕೇಳಬೇಕಲ್ಲ!

ಎಂದಿನಂತೆ, ಮುಂದಿನ ಜಾಲರಿ ತೆಗೆಯುವ ಮೊದಲು ಅಲ್ಲಿ ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿಯ ಸರ ಬಿಚ್ಚಿದ. ಪ್ರತಿ ಸಲವೂ ಅದನ್ನು ಭಕ್ತಿಯಿಂದ ಬಿಚ್ಚಿಟ್ಟು, ಕೆಲಸ ಮುಗಿದ ಮೇಲೆ ನಂಬರ್ ಪ್ಲೇಟಿಗೆ ಕಟ್ಟಿ ಕಳಿಸುತ್ತಿದ್ದ. ಇವತ್ತು ಕೈ ಅಲ್ಲೇ ನಿಂತಿತು. ಸರ ಕಟ್ಟಿದ ತಂತಿಯ ತುದಿ ಕರಕಲಾಗಿತ್ತು.

“ಇದನ್ನ ಯಾವಾಗ ಕಟ್ಟಿದ್ರಿ?”

“ನಿನ್ನಿ. ಅಮಾಸಿಗೊಮ್ಮೆ ಹೊಸಾದು ಕಟ್ತೇವಲ್ರಿ. ದಾರ ಹರದ ಬೀಳ್ತೈತಿ ಅಂತ ತಂತೀಲೆ ಕಟ್ಟೇನಿ.”

ಆ ತಂತಿ ಜಾಲರಿಯೊಳಗೆ ತೂರಿ ಹಾರ್ನಿನ ಪಿನ್ನಿಗೂ ಕಾರಿನ ಬಾಡಿಗೂ ತಾಗುತ್ತಿತ್ತು. ಹಾರ್ನ್ ಒತ್ತಿದೊಡನೆ ಶಾರ್ಟ್, ಫ್ಯೂಸ್ ಢಂ! ಅವನು ಸರ ಬಿಚ್ಚಿದಾಗಲೆಲ್ಲ ದೋಷವೂ ಬಿಚ್ಚಿಹೋಗುತ್ತಿತ್ತು, ಅಷ್ಟೇ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಹೇಳಿಬಿಟ್ಟರೆ ಇವಳು ಮತ್ತೆ ಬರುವುದಿಲ್ಲ. ಹೇಳದಿದ್ದರೆ, ಯಾವುದೋ ತಿರುವಿನಲ್ಲಿ ಲಾರಿ ಎದುರಾದಾಗ ಹಾರ್ನ್ ಕೂಗದಿದ್ದರೆ?

“ತಂತಿ ಬ್ಯಾಡ್ರಿ, ದಾರದಾಗ ಕಟ್ರಿ. ಇನ್ನ ಹಾರ್ನ್ ಕೆಡಂಗಿಲ್ಲ,” ಎಂದ, ಮುಖ ಎತ್ತದೆ.

ರೋಹಿಣಿ ಅವನ ಕೈಯಿಂದ ಸರ ತೆಗೆದುಕೊಂಡಳು. “ನನಗ ಹೋದ ತಿಂಗಳನ ಗೊತ್ತಾಗಿತ್ತು. ಸುಟ್ಟ ತಂತಿ ನೋಡಿದ್ದೆ.”

ಚನ್ನೇಶ ಕಕ್ಕಾಬಿಕ್ಕಿಯಾದ. “ಮತ್ತ ಈ ಸಲನೂ ತಂತೀನ ಯಾಕ ಕಟ್ಟಿದ್ರಿ?”

“ಅಯ್ಯ, ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ? ಹಾರ್ನ್ ಕೆಡದಿದ್ರ ನಾ ಇಲ್ಲಿಗೆ ಬರೂದು ಹೆಂಗ?” ಅವಳ ಕಣ್ಣು ತುಂಬಿತ್ತು. “ನೀವ ಒಂದ ಮಾತ ಕೇಳ್ತೀರಿ ಅಂತ ಕಾದ ಕಾದ ಸಾಕಾತು.”

ಅವನು ಕೈಯ ಮಸಿ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

“ನಾನ ಬರ್ತೇನ್ರಿ, ಕುಪ್ಪೇಲೂರಿಗೆ. ನಿಮ್ಮ ಅಪ್ಪಾರನ್ನ ಕೇಳಾಕ.”

“ಯಾವಾಗ?”

“ನೀವ ಅಂದಾಗ.”

ರೋಹಿಣಿ ಕಾರಿನ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿದ್ದ ಮೆಣಸಿನಕಾಯಿ ಚೀಲವನ್ನು ಹಿಂದಕ್ಕೆ ನೂಕಿದಳು.

“ಹಂಗಾರ ಲಗೂನ ಅಂಗಡಿ ಬಾಗಲಾ ಹಾಕ್ರಿ.”