ಕೆಳಗಿನ ಹೋಳು

ಶನಿವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಯುವಕ ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದ. ಹೆಡ್ ಕಾನ್‌ಸ್ಟೆಬಲ್ ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ಈ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ 'ಪುರಾಣ' ಎಂದು ಅಡ್ಡಹೆಸರು. ಸೈಕಲ್ ಕಳುವಾಯಿತು ಎಂದು ಯಾರಾದರೂ ಬಂದರೆ, ಆ ಸೈಕಲ್ ಕೊಂಡ ದಿನದಿಂದ ಬರೆಯಲು ಶುರುಮಾಡುವ ಮಹಾನುಭಾವರು ಅವರು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅಚ್ಚು ಸಾರ್. ಅರ್ಧ ಅಚ್ಚು."

"ಅರ್ಧ ಅಂದ್ರೆ?"

"ಉಕ್ಕಿನ ಎರಡು ಹೋಳು ಇರುತ್ತೆ. ಒಂದರ ಮೇಲೊಂದು ಕೂತ್ರೆ ಮಧ್ಯದಲ್ಲಿ ರಬ್ಬರ್ ವಾಷರ್ ಆಗುತ್ತೆ. ಮೇಲಿನ ಹೋಳು ಇದೆ, ಕೆಳಗಿಂದು ಇಲ್ಲ."

ಯುವಕನ ಅಪ್ಪ ನಡೆಸಿದ ರಬ್ಬರ್ ಕಾರ್ಖಾನೆಯದು. ಅಪ್ಪ ಹೋಗಿ ನಾಲ್ಕು ವರ್ಷವಾದರೂ ಕೆಲಸದವರು ಇವನನ್ನು ಇನ್ನೂ ಚಿಕ್ಕ ಯಜಮಾನ ಎಂದೇ ಕರೆಯುತ್ತಿದ್ದರು. ಇಷ್ಟು ದಿನ ನೀರಿನ ಪಂಪುಗಳಿಗೆ ವಾಷರ್ ಮಾಡಿ ಹೇಗೋ ಜೀವನ ಸಾಗುತ್ತಿತ್ತು. ಅಷ್ಟರಲ್ಲಿ ಎಲ್ಲೋ ಹಡಗುಗಳು ನಿಂತವು. ಆಸ್ಪತ್ರೆಯ ಉಸಿರಾಟದ ಯಂತ್ರ ಮಾಡುವ ದೊಡ್ಡ ಕಾರ್ಖಾನೆ, ಹೊರದೇಶದಿಂದ ಬರಬೇಕಿದ್ದ ಅಂಗೈಯಗಲದ ಒಂದು ವಾಷರ್ ಬಾರದೆ, ತಿಂಗಳುಗಟ್ಟಲೆ ಕೈಕಟ್ಟಿ ಕೂತಿತು. ಸರ್ಕಾರಕ್ಕೆ ಆಗ ಎಚ್ಚರವಾಯಿತು. ಇಂಥ ಬಿಡಿಭಾಗ ಇಲ್ಲೇ ಮಾಡುವ ಸಣ್ಣ ಕಾರ್ಖಾನೆಗಳಿಗೆ ಹೊಸ ಯಂತ್ರಕ್ಕೆ ನೆರವು, ಹಳೆಯ ಅಚ್ಚುಗಳ ದುರಸ್ತಿ, ಐದು ವರ್ಷದ ಖಾತ್ರಿ ಆರ್ಡರು ಕೊಡುತ್ತೇವೆ ಎಂದಿತು. ಚಿಕ್ಕ ಯಜಮಾನ ಒಂದು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಆ ಯೋಜನೆಗೆ ಆಯ್ಕೆಯಾಗಿದ್ದ.

"ಸೋಮವಾರ ಸರ್ಕಾರದ ಎಂಜಿನಿಯರುಗಳು ಬಂದು ದುರಸ್ತಿಗೆ ಅಚ್ಚು ತಗೊಂಡು ಹೋಗ್ಬೇಕು ಸಾರ್."

"ಇಲ್ಲದಿದ್ರೆ?"

"ನೆರವು ಇನ್ನೊಬ್ಬರ ಪಾಲಾಗುತ್ತೆ. ನಾನು ಬಾಗಿಲು ಹಾಕ್ಬೇಕು. ನನ್ನನ್ನೇ ನಂಬಿಕೊಂಡು ಹನ್ನೊಂದು ಜನ ಇದಾರೆ."

ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಪುರಾಣ ಹಡಗಿನಿಂದ ಶುರುಮಾಡಿದ್ದರು, ಇನ್‌ಸ್ಪೆಕ್ಟರ್ ಅವರನ್ನು ದಡಕ್ಕೆ ಎಳೆತಂದರು.

ಕಾರ್ಖಾನೆ ಎಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಒಳಗೆ ಕಾಲಿಟ್ಟರೆ ಸುಟ್ಟ ರಬ್ಬರಿನ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಹಿಂದುಗಡೆ ಅಚ್ಚುಗಳ ಕೊಠಡಿ. ಬೀಗ ಮುರಿದಿರಲಿಲ್ಲ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅದು ಯಾರಿಗೆ ಗೊತ್ತು ಎಂದು ಕೇಳಿದರೆ ಚಿಕ್ಕ ಯಜಮಾನ ತಲೆ ಕೆರೆದುಕೊಂಡ.

"ಎಲ್ಲರಿಗೂ ಗೊತ್ತು ಸಾರ್."

"ಹಾಗಾದ್ರೆ ಬೀಗ ಯಾಕೆ?"

"ಅಪ್ಪನ ಕಾಲದಿಂದ ಇದೆ."

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಮೇಲಿನ ಹೋಳು ಹಲಗೆಯ ಮೇಲಿತ್ತು. ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಅಚ್ಚನ್ನು ಯಂತ್ರದಿಂದ ಇಳಿಸುವಾಗ ಅದರಲ್ಲಿ ಬಂದ ಕೊನೆಯ ತುಂಡನ್ನು ಅಚ್ಚಿಗೇ ತಂತಿಯಲ್ಲಿ ಕಟ್ಟಿಡುತ್ತಾರೆ. ಮುಂದಿನ ಸಲ ಏರಿಸುವವನಿಗೆ ಅಚ್ಚಿನ ಆರೋಗ್ಯ ಅದರಲ್ಲೇ ತಿಳಿಯುತ್ತದೆ. ಆ ಕೊನೆಯ ವಾಷರ್ ಮೇಲಿನ ಹೋಳಿಗೆ ಕಟ್ಟಿದಂತೆಯೇ ಇತ್ತು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಉಕ್ಕಿಗೆ ತೆಳ್ಳಗೆ ಎಣ್ಣೆ ಸವರಿ, ಧೂಳು ಬೀಳದಂತೆ ಬಟ್ಟೆ ಹೊದಿಸಲಾಗಿತ್ತು.

"ಇದಕ್ಕೆ ಎಣ್ಣೆ ಹಚ್ಚಿದ್ದು ನೀವಾ?"

"ಇಲ್ಲ ಸಾರ್. ಎರಡು ಹೋಳೂ ಸೇರಿಸಿ ಬಿಗಿದಿಟ್ಟಿದ್ದೆ. ಬಿಚ್ಚಿಟ್ರೆ ತುಕ್ಕು ಹಿಡಿಯುತ್ತೆ."

ಕಳ್ಳ ಒಂದು ಹೋಳು ಒಯ್ದು, ಬಿಟ್ಟುಹೋದ ಹೋಳಿಗೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿ ಹೋಗಿದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಷ್ಟು ಮರ್ಯಾದಸ್ಥ ಕಳ್ಳನನ್ನು ಕಂಡಿರಲಿಲ್ಲ.

ಚಿಕ್ಕ ಯಜಮಾನನಿಗೆ ಪಕ್ಕದ ಬೀದಿಯ ಕಾರ್ಖಾನೆಯವನ ಮೇಲೆ ಅನುಮಾನವಿತ್ತು. ಅದೇ ನೆರವಿಗೆ ಅರ್ಜಿ ಹಾಕಿ ಸಿಗದೆ ಹೋದವನು ಅವನು. ಇನ್‌ಸ್ಪೆಕ್ಟರ್ ಹೋದಾಗ ಆತ ಕಾಫಿ ಲೋಟ ಕೆಳಗಿಟ್ಟು ನಕ್ಕ.

"ಅರ್ಧ ಅಚ್ಚು ಕದ್ದು ಏನ್ ಮಾಡ್ಲಿ ಸಾರ್? ಬಾಗಿಲು ಬಡ್ಕೊಳ್ದೆ ಇರ್ಲಿ ಅಂತ ಒತ್ತು ಕೊಡ್ಲಾ? ಕದಿಯೋದಾದ್ರೆ ಎರಡೂ ಕದೀತೀನಿ."

ಮಾತು ಒರಟಾದರೂ ನಿಜವಿತ್ತು. ಕೆಲಸ ಕೆಡಿಸಲು ಬಂದವನು ಉಳಿದ ಹೋಳಿಗೆ ಎಣ್ಣೆ ಸವರಿ ಹೋಗುವುದೂ ಇಲ್ಲ. ಗುಜರಿಯವನ ಬಳಿಯೂ ಏನೂ ಬಂದಿರಲಿಲ್ಲ. ಲಾಭದ ದಾರಿಯೆಲ್ಲ ಅಲ್ಲಿಗೇ ಮುಚ್ಚಿಹೋಯಿತು.

ಮಧ್ಯಾಹ್ನ ಬೆರಳಚ್ಚಿನವರು ಬಂದು ಎಣ್ಣೆಯ ಮೇಲೆ ದೀಪ ಹಿಡಿದರು. "ಹೆಬ್ಬೆರಳೊಂದು ಚೆನ್ನಾಗಿ ಬಿದ್ದಿದೆ ಸಾರ್. ಆದ್ರೆ ಸುಳಿನೇ ಇಲ್ಲ. ನುಣ್ಣಗಿದೆ."

"ಕೈಗವಸಾ?"

"ಅಲ್ಲ, ಬರಿಗೈಯೇ. ಸವೆದಿದೆ."

ಚಿಕ್ಕ ಯಜಮಾನ ಮೆಲ್ಲಗೆ ಹೇಳಿದ, "ಅಂಚು ಕತ್ತರಿಸೋ ಹೆಂಗಸರ ಬೆರಳು ಹಾಗೇ ಇರುತ್ತೆ ಸಾರ್. ದಿನಾ ರಬ್ಬರ್ ಉಜ್ಜಿ ಉಜ್ಜಿ."

ಕಿಟಕಿಯ ಪಕ್ಕದ ಮೇಜಿನಲ್ಲಿ ನಾಲ್ವರು ಹೆಂಗಸರು ಕೂತು, ಹಿಂದಿನ ವಾರ ಮಾಡಿಟ್ಟ ವಾಷರ್‌ಗಳ ಸುತ್ತ ಉಳಿದ ರಬ್ಬರಿನ ತೆಳು ಅಂಚನ್ನು ಕತ್ತರಿಯಿಂದ ಬಿಡಿಸುತ್ತಿದ್ದರು. ಇನ್‌ಸ್ಪೆಕ್ಟರ್ ಏನೂ ಕೇಳಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತರು. ಮೂವರು ಕತ್ತರಿಸಿ, ಒಮ್ಮೆ ತಿರುಗಿಸಿ ನೋಡಿ, ಬುಟ್ಟಿಗೆ ಎಸೆಯುತ್ತಿದ್ದರು. ನಾಲ್ಕನೆಯಾಕೆ ಎಲ್ಲರಿಗಿಂತ ಹಿರಿಯಳು, ಕಾರ್ಖಾನೆಗೆಲ್ಲ ದೊಡ್ಡಮ್ಮ. ಆಕೆ ಮಾತ್ರ ಪ್ರತಿ ವಾಷರಿನ ಒಳಸುತ್ತಿಗೆ ಹೆಬ್ಬೆರಳು ಹಾಯಿಸುತ್ತಿದ್ದಳು. ಬೆರಳು ಒಂದು ಜಾಗದಲ್ಲಿ ಅರೆಗಳಿಗೆ ನಿಲ್ಲುತ್ತಿತ್ತು. ಆಮೇಲೆ ಅದನ್ನು ಎಸೆಯದೆ ಬುಟ್ಟಿಯಲ್ಲಿ ಇಡುತ್ತಿದ್ದಳು.

ಇನ್‌ಸ್ಪೆಕ್ಟರ್ ಎದ್ದು ಅಚ್ಚಿನ ಕೊಠಡಿಗೆ ಹೋದರು. ತಂತಿಯಲ್ಲಿದ್ದ ಕೊನೆಯ ವಾಷರಿನ ಒಳಸುತ್ತನ್ನು ತಮ್ಮ ಹೆಬ್ಬೆರಳಿನಿಂದ ಸವರಿದರು. ಏನೂ ಸಿಗಲಿಲ್ಲ. ಚಿಕ್ಕ ಯಜಮಾನನನ್ನು ಕರೆದರು.

"ಒಳಗಡೆ ಏನಾದ್ರೂ ಇದೆಯಾ ಇದ್ರಲ್ಲಿ?"

"ಒಂದು ಗೆರೆ ಇದೆ ಸಾರ್. ಕೂದಲಿಗಿಂತ ಸಣ್ಣದು. ಕೆಳಗಿನ ಹೋಳಲ್ಲಿ ಉಳಿ ಜಾರಿ ಆಗಿದ್ದು. ಪಂಪಿಗೆ ಅದು ಲೆಕ್ಕಕ್ಕಿಲ್ಲ. ಉಸಿರಾಟದ ಯಂತ್ರಕ್ಕೆ ಆಗಲ್ಲ, ಗಾಳಿ ಸೋರುತ್ತೆ. ಸೋಮವಾರ ಅದನ್ನು ಉಜ್ಜಿ ತೆಗೀತಾರೆ."

"ಉಳಿ ಜಾರಿಸಿದ್ದು ಯಾರು?"

"ಅಚ್ಚು ಮಾಡಿದ ಹುಡುಗ. ನನ್ನ ಜೊತೇಲೇ ಬೆಳೆದವನು. ಹೋದ ವರ್ಷ ಜ್ವರ ಬಂದು..." ಅವನ ಮಾತು ನಿಂತಿತು. ಕಿಟಕಿಯ ಕಡೆ ತಿರುಗಿ ನೋಡಿದ. "ದೊಡ್ಡಮ್ಮನ ಮಗ ಸಾರ್."

ನಾಲ್ಕೂವರೆಗೆ, ಪಾಳಿ ಮುಗಿಸಿ ಆಕೆ ಮನೆ ಸೇರಿದ ಮೇಲೆ, ಇನ್‌ಸ್ಪೆಕ್ಟರ್ ಮಹಿಳಾ ಪೇದೆ ಮತ್ತು ಪಂಚರೊಂದಿಗೆ ಬಾಗಿಲು ತಟ್ಟಿದರು. ಒಂದೇ ಕೋಣೆ. ಎರಡು ಮಂಚ, ಒಂದರ ಹಾಸಿಗೆ ಸುತ್ತಿಟ್ಟಿತ್ತು. ಖಾಕಿ ಕಂಡು ಆಕೆ ಬೆಚ್ಚಲಿಲ್ಲ.

"ಹುಡುಕ್ಬೇಡಿ ಸಾರ್. ಸಣ್ಣ ಮನೆ, ಸುಮ್ನೆ ಚೆಲ್ಲಾಪಿಲ್ಲಿ ಆಗುತ್ತೆ."

ಸುತ್ತಿಟ್ಟ ಹಾಸಿಗೆಯ ಮಂಚದ ಕೆಳಗೆ ಕೈಹಾಕಿ, ನೀಲಿ ಅಂಗಿಯಲ್ಲಿ ಸುತ್ತಿದ ಗಂಟೊಂದನ್ನು ಎಳೆದಳು. ತುಂಬಿದ ಕೊಡದಷ್ಟು ಭಾರ. ಮಹಿಳಾ ಪೇದೆ ಕೈಜೋಡಿಸಲು ಬಂದರೆ ಬೇಡವೆಂದು ತಲೆಯಾಡಿಸಿದಳು. ಬಿಚ್ಚಿದಾಗ ಉಕ್ಕು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು.

"ಯಾವಾಗ ತಂದ್ರಿ?"

"ನಿನ್ನೆ ಸಂಜೆ. ಎಲ್ಲರೂ ಹೋದ್ಮೇಲೆ. ಕಂಕುಳಲ್ಲಿ ಇಟ್ಕೊಂಡು ಬಂದೆ."

"ಯಾಕೆ?"

ಆಕೆ ಮಂಚದ ತುದಿಗೆ ಕೂತಳು. "ಅವನು ಸ್ವಂತವಾಗಿ ಮಾಡಿದ ಮೊದಲನೇ ಅಚ್ಚು ಸಾರ್ ಇದು. ಕೊನೇ ದಿನ ಉಳಿ ಜಾರಿತು ಅಂತ ಅವತ್ತು ಊಟಾನೇ ಬಿಟ್ಟ. ಕೂದಲೆಳೆ ಗೆರೆಗೆ ಯಾರಾದ್ರೂ ಹೊಟ್ಟೆಗೆ ಶಿಕ್ಷೆ ಕೊಡ್ತಾರೇನೋ ಅಂತ ಬೈದೆ. ಮಾರನೇ ದಿನ ವಾಷರ್ ತಂದು ನನ್ನ ಕೈಲಿಟ್ಟು, 'ಸಿಗುತ್ತಾ ನೋಡಮ್ಮ' ಅಂದ. ನನ್ನ ಬೆರಳಿಗೆ ಸಿಕ್ತು. 'ನಿನಗೊಬ್ಬಳಿಗೇ ಸಿಕ್ಕಿದ್ದು, ಯಾರಿಗೂ ಹೇಳ್ಬೇಡ' ಅಂತ ನಕ್ಕ. ಹೇಳಿರಲಿಲ್ಲ. ಎಂಜಿನಿಯರುಗಳು ಅದೇನೋ ಗಾಜಿನಲ್ಲಿ ನೋಡಿ ಕಂಡುಹಿಡಿದುಬಿಟ್ರು. ಉಜ್ಜಿ ಅಳಿಸ್ತೀವಿ ಅಂದ್ರು."

ಮಹಿಳಾ ಪೇದೆ ಗೋಡೆಯ ಕಡೆ ಮುಖ ಮಾಡಿದಳು.

"ಒಂದು ವಾಷರ್ ಇಟ್ಕೊಂಡಿದ್ರೆ ಆಗ್ತಿತ್ತಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಅವರ ದನಿ ತಾನಾಗಿ ತಗ್ಗಿತ್ತು.

"ರಬ್ಬರ್ ಒಣಗಿ ಬಿರಿಯುತ್ತೆ ಸಾರ್. ವಾಷರ್ ಯಂತ್ರ ಮಾಡೋದು. ಇದು ಅವನು ಮಾಡಿದ್ದು."

"ಇದು ಇಲ್ದಿದ್ರೆ ಕಾರ್ಖಾನೆ ಮುಚ್ಚುತ್ತೆ ಅಂತ ಗೊತ್ತಿರಲಿಲ್ವಾ?"

ಆಕೆ ಗಾಬರಿಯಿಂದ ತಲೆಯೆತ್ತಿದಳು. ಆ ದಿನ ಆಕೆ ಗಾಬರಿಯಾದದ್ದು ಅದೊಂದೇ ಸಲ. "ಯಾಕೆ ಮುಚ್ಚುತ್ತೆ? ಸರ್ಕಾರ ಅಷ್ಟೆಲ್ಲ ಕೊಡ್ತಿದೆಯಲ್ಲ. ಕೆಳಗಿನ ಹೋಳು ಹೊಸದು ಮಾಡಿಸ್ಕೋತಾರೆ ಅಂದ್ಕೊಂಡೆ. ಅದಕ್ಕೇ ಮೇಲಿಂದಕ್ಕೆ ಎಣ್ಣೆ ಹಚ್ಚಿ ಬಂದೆ."

"ಹಾಗೆ ಒಂದೇ ಹೋಳು ಮಾಡೋಕಾಗಲ್ಲಮ್ಮ. ಎರಡೂ ಜೊತೇಲೇ ಕೊರೀಬೇಕಂತೆ. ತಿಂಗಳುಗಳು ಹಿಡಿಯುತ್ತಂತೆ."

ಆಕೆ ಹೋಳನ್ನು ಮತ್ತೆ ಅಂಗಿಯಲ್ಲಿ ಸುತ್ತಿ ಇನ್‌ಸ್ಪೆಕ್ಟರ್ ಕಡೆ ಸರಿಸಿದಳು.

"ನಂಗೆ ಗೊತ್ತಿರಲಿಲ್ಲ ಸಾರ್. ಅವನಿದ್ದಿದ್ರೆ ಹೇಳ್ತಿದ್ದ."

ಜಪ್ತಿ ಪಂಚನಾಮೆ ಮುಗಿಸಿ, ಸೂರ್ಯ ಮುಳುಗುವ ಮುಂಚೆ ಆಕೆಯನ್ನು ಠಾಣೆಗೆ ಕರೆತಂದರು. ಚಿಕ್ಕ ಯಜಮಾನ ಆಗಲೇ ಬಂದು ಕಾಯುತ್ತಿದ್ದ. ಆಕೆಯನ್ನು ಕಂಡು ಎದ್ದು ನಿಂತ.

"ದೊಡ್ಡಮ್ಮ, ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ ಮಗ? ಉಜ್ಜದೆ ಬಿಡ್ತಿದ್ಯಾ?"

"ಉಜ್ಜಲೇಬೇಕು," ಎಂದು ಆಕೆಯೇ ಹೇಳಿದಳು. "ಯಾರದೋ ಉಸಿರಿನ ವಿಷಯ ಅದು. ನನ್ನ ಬುದ್ಧಿಗೆ ಮಂಕು ಕವಿದಿತ್ತು ಅಂದ್ಕೋ. ಊಟ ಮಾಡಿದ್ಯಾ?"

ಅವನು ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ದೂರು ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆದ್ಮೇಲೆ ಅದು ನನ್ನ ಕೈಲಿಲ್ಲ. ಕೋರ್ಟಲ್ಲಿ ಹೇಳಿ. ಜಾಮೀನಿಗೆ, ಅಚ್ಚು ನಿಮ್ಮ ವಶಕ್ಕೆ ಬಿಡೋದಕ್ಕೆ, ಎರಡಕ್ಕೂ ನನ್ನ ತಕರಾರಿಲ್ಲ ಅಂತ ಬರೀತೀನಿ."

ಪುರಾಣ ಬಂಧನದ ಪತ್ರ ತುಂಬುತ್ತಿದ್ದರು. ಈ ಸಲ ಒಂದು ಹೆಚ್ಚಿನ ಮಾತೂ ಬರೆದಿರಲಿಲ್ಲ. ಪೆನ್ನು ಒಂದು ಕಡೆ ನಿಂತಿತು.

"ಬಂಧನದ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸ್ಬೇಕಮ್ಮ?"

ಆಕೆ ಬಾಯಿ ತೆರೆದಳು. ಹೆಸರೊಂದು ತುಟಿಯವರೆಗೆ ಬಂದದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು. ಆಮೇಲೆ ಬಾಯಿ ಮುಚ್ಚಿ ನೆಲ ನೋಡಿದಳು.

"ನನಗೆ ತಿಳಿಸಿ," ಎಂದ ಚಿಕ್ಕ ಯಜಮಾನ.

"ನೀವು ದೂರುದಾರರು," ಎಂದರು ಪುರಾಣ.

"ನನಗೇ ತಿಳಿಸಿ."

"ಇವರು ನಿಮಗೆ ಏನಾಗ್ಬೇಕು?"

"ದೊಡ್ಡಮ್ಮ."

ಪುರಾಣ ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ಬರೆದುಕೊಳ್ಳಿ ಎಂದು ಕೈಸನ್ನೆ ಮಾಡಿದರು.

ಸೋಮವಾರ ಬೆಳಿಗ್ಗೆ ಕೋರ್ಟು ಅಚ್ಚು ಬಿಟ್ಟುಕೊಟ್ಟಿತು, ಮಧ್ಯಾಹ್ನ ಎಂಜಿನಿಯರುಗಳು ಬಂದರು, ಅಚ್ಚು ಹೋಯಿತು, ಗೆರೆ ಅಳಿಯಿತು. ಆರೋಪಪಟ್ಟಿಯಲ್ಲಿ ಇನ್‌ಸ್ಪೆಕ್ಟರ್ ಕಳವಿನ ಉದ್ದೇಶ ಲಾಭವಲ್ಲ, ಸತ್ತ ಮಗನ ಕೈಗುರುತನ್ನು ಉಳಿಸಿಕೊಳ್ಳುವುದು ಎಂದು ಬರೆದರು. ಜಾಮೀನಿನ ಮೇಲೆ ಬಂದ ದೊಡ್ಡಮ್ಮನನ್ನು ಚಿಕ್ಕ ಯಜಮಾನ ಅದೇ ಮೇಜಿಗೆ ಕರೆತಂದು ಕೂರಿಸಿದ. ಹೊಸ ವಾಷರ್‌ಗಳು ಒಳಗೆಲ್ಲ ನುಣುಪು, ಒಂದು ಕುಂದಿಲ್ಲ. ಆದರೆ ಪ್ರತಿಯೊಂದರಲ್ಲೂ ಆಕೆಯ ಹೆಬ್ಬೆರಳು ಸುತ್ತಿ ಬಂದು ಆ ಜಾಗದಲ್ಲಿ ಈಗಲೂ ನಿಲ್ಲುತ್ತದೆಯಂತೆ.